ಮುತ್ತಜ್ಜ ಓದಿದ ಅಕ್ಷರ, ಮೊಮ್ಮಕ್ಕಳಿಗೆ ಒಗಟು

ಮುರಗೋಡ, ಬೈಲಹೊಂಗಲ, ಸವದತ್ತಿ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕಿನ ತಳ ತಡಕಿದರೆ ಕೆಲವೊಮ್ಮೆ ಜಮೀನಿನ ಹಳೆ ಕಾಗದವೊಂದು ಸಿಗುತ್ತದೆ. ಅದರಲ್ಲಿರುವುದು ಮೋಡಿ ಲಿಪಿಯ ಮರಾಠಿ ಬರಹ. ಮುತ್ತಜ್ಜನ ಕಾಲದಲ್ಲಿ ಕುಲಕರ್ಣಿಯವರು ಸರಸರ ಬರೆಯುತ್ತಿದ್ದ ಆ ಲಿಪಿಯನ್ನು ಇಂದು ಓದಬಲ್ಲವರು ಬಹಳ ಕಡಿಮೆ. ಹೊಲ ನಮ್ಮದೇ, ಕಾಗದವೂ ನಮ್ಮದೇ. ಓದಲು ಮಾತ್ರ ಬೇರೆಯವರು ಬೇಕು!

ಮಕ್ಕಳೇ, ದೂರದ ಜರ್ಮನಿಯ ಮೊಮ್ಮಕ್ಕಳಿಗೂ ಇಂಥದೇ ಪೇಚು. ಅಲ್ಲಿ ಒಗಟಾಗಿರುವುದು ‘ಬ್ಲ್ಯಾಕ್‌ಲೆಟರ್’, ಅಂದರೆ ಕಪ್ಪು ಅಕ್ಷರ.

ನಮ್ಮಲ್ಲಿ ಬಸವಣ್ಣನವರಿದ್ದ 12ನೇ ಶತಮಾನದಲ್ಲಿ ಯುರೋಪಿನ ಬರಹಗಾರರು ಅಗಲ ತುದಿಯ ಗರಿಯಿಂದ ಈ ಅಕ್ಷರ ಬರೆಯತೊಡಗಿದರು. ಗೆರೆಗಳು ದಪ್ಪ, ನೆಟ್ಟಗೆ; ದುಂಡಗಿರಬೇಕಾದಲ್ಲಿ ಮುರಿದ ಮೂಲೆ. ಅಕ್ಷರಗಳು ಒತ್ತೊತ್ತಾಗಿ ನಿಲ್ಲುವುದರಿಂದ ದುಬಾರಿ ಚರ್ಮದ ಹಾಳೆ ಉಳಿಯುತ್ತಿತ್ತು, ಪುಟ ಮಾತ್ರ ಕಪ್ಪಾಗಿ ಕಾಣುತ್ತಿತ್ತು. ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲ್ಲಿನ ಮೊಳೆಗಳೂ ಇದೇ ಬಗೆಯವು.

ಇಂಗ್ಲಿಷಿನ ‘ಮಿನಿಮಮ್’ ಪದವನ್ನು ಹೀಗೆ ಬರೆದರೆ ಬೇಲಿಯ ಗೂಟಗಳಂತೆ 15 ನೆಟ್ಟ ಗೆರೆಗಳು ಸಾಲಾಗಿ ನಿಲ್ಲುತ್ತವೆ. ಎಲ್ಲಿ ‘ಎಮ್’, ಎಲ್ಲಿ ‘ಎನ್’? ಇಂಥ ಗೊಂದಲ ತಪ್ಪಿಸಲೆಂದೇ ‘ಐ’ ಅಕ್ಷರದ ತಲೆಯ ಮೇಲೆ ಗುರುತು ಹಾಕುವ ರೂಢಿ ಬಂತು. ಅದೇ ಇಂದಿನ ಚುಕ್ಕಿ!

ಧಾರವಾಡದ ಕಿಟೆಲ್ ಕಾಲೇಜಿನ ಹೆಸರು ಕೇಳಿದ್ದೀರಲ್ಲ? 1894ರಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಜರ್ಮನಿಯಲ್ಲಿ. ಆಗ ಅಲ್ಲಿ ಕಥೆಪುಸ್ತಕ, ಪತ್ರಿಕೆಗಳು ಬಹುಪಾಲು ಇದೇ ಕುಲದ ‘ಫ್ರಾಕ್ಟೂರ್’ ಅಕ್ಷರದಲ್ಲಿ ಅಚ್ಚಾಗುತ್ತಿದ್ದವು. 1941ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕೈಬಿಡಲು ಆಜ್ಞೆ ಹೊರಡಿಸಿತು. ಅಜ್ಜಿ ಸಲೀಸಾಗಿ ಓದುತ್ತಿದ್ದ ಪುಸ್ತಕದ ಮುಂದೆ ಮೊಮ್ಮಗಳು ತಡವರಿಸುವಂತಾಯಿತು.

ಈಗ ಈ ಅಕ್ಷರ ಉಳಿದಿರುವುದು ಹೆಚ್ಚಾಗಿ ಅಲಂಕಾರಕ್ಕೆ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ತನ್ನ ಹೆಸರನ್ನು ಇದರಲ್ಲೇ ಬರೆದುಕೊಳ್ಳುತ್ತದೆ. ಕೆಲವು ಪ್ರಮಾಣಪತ್ರಗಳ ತಲೆಬರಹವೂ ಹೀಗೇ ಇರುತ್ತದೆ. ಕಂಪ್ಯೂಟರಿನಲ್ಲಿ ‘ಓಲ್ಡ್ ಇಂಗ್ಲಿಷ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ನೀವೂ ಬಳಸಬಹುದು, ಆದರೆ ಎರಡು ಮಾತು ನೆನಪಿಡಿ: ಎರಡು-ಮೂರು ಪದಗಳಿಗಷ್ಟೇ, ದೊಡ್ಡದಾಗಿ ಬಳಸಿ. ಇಡೀ ಪದವನ್ನು ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಡಿ; ಬಳ್ಳಿಗೆ ಬಳ್ಳಿ ಸುತ್ತಿಕೊಂಡಂತೆ ಕಾಣುತ್ತದೆ. ನಮ್ಮ ಮದುವೆ ಪತ್ರಿಕೆಯಲ್ಲೂ ಅಷ್ಟೇ. ವಧು-ವರರ ಹೆಸರಿಗೆ ಚಿತ್ತಾರದ ಅಕ್ಷರ ಚೆಂದ. ಮುಹೂರ್ತದ ಹೊತ್ತು ಮಾತ್ರ ಅಜ್ಜಿಯ ಕಣ್ಣಿಗೂ ತಿಳಿಯಾಗಿ ಕಾಣಬೇಕು.

ಈ ರಜೆಯಲ್ಲಿ ಅಜ್ಜ-ಅಜ್ಜಿಯ ಜೊತೆ ಕುಳಿತು ಟ್ರಂಕು ತೆಗೆಯಿರಿ. ಹಳೆಯ ಪತ್ರ, ಲೆಕ್ಕದ ವಹಿ, ಫೋಟೋದ ಹಿಂದಿನ ಬರಹ, ಅವರಿಗೆ ಓದಲು ಬರುವುದನ್ನೆಲ್ಲ ಓದಿಸಿ. ಯಾರ ಹೆಸರು, ಯಾವ ಹೊಲ, ಯಾವ ವರ್ಷ ಎಂದು ದುಂಡಗಿನ ಕನ್ನಡದಲ್ಲಿ ಬರೆದು ಅದರ ಜೊತೆಗೇ ಇಡಿ. ಮುಂದೊಂದು ದಿನ ಆ ಟ್ರಂಕು ತೆರೆಯುವವರು ನಿಮ್ಮ ಮೊಮ್ಮಕ್ಕಳು.