ಕಪ್ಪಾದ ಗೆಣ್ಣು, ನುಣುಪಾದ ನಾಲಗೆ

"ಮೇಷ್ಟ್ರೇ, ಎರಡೂ ಕೈ ಚಾಚಿ. ಅಂಗೈ ಅಲ್ಲ, ಹಿಂಬದಿ."

ಮಲೆನಾಡಿನ ಸೆರಗಿನಲ್ಲಿರುವ ತಾಲ್ಲೂಕು ಕೇಂದ್ರವೊಂದರ ಆಸ್ಪತ್ರೆ, ಸೋಮವಾರದ ಒಪಿಡಿ. ಬಂದವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಹೊಟ್ಟೆಯುಬ್ಬರ, ಹುಳಿತೇಗು, ಸುಸ್ತು ಎಂದು ಚೀಟಿ ಮಾಡಿಸಿದ್ದರು. ವೈದ್ಯೆ ಮಾತ್ರ ಹೊಟ್ಟೆ ಮುಟ್ಟುವ ಮೊದಲೇ ಕೈ ನೋಡಿದರು. ಗೋಧಿ ಬಣ್ಣದ ಕೈ, ಆದರೆ ಪ್ರತಿ ಬೆರಳಿನ ಗೆಣ್ಣೂ ಕಪ್ಪು. ಉಗುರಿನ ಬುಡದಲ್ಲೂ ಅದೇ ಛಾಯೆ.

"ತೋಟದ ಬಿಸಿಲು ಅಂದ್ಕೊಂಡಿದ್ದೆ ಡಾಕ್ಟ್ರೇ," ಎಂದರು ಮೇಷ್ಟ್ರು.

"ಬಿಸಿಲಾಗಿದ್ರೆ ಕೈಯೆಲ್ಲ ಕಪ್ಪಾಗ್ಬೇಕಿತ್ತಲ್ಲ? ನಾಲಗೆ ತೋರಿಸಿ."

ನಾಲಗೆ ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ಆರೋಗ್ಯವಂತರ ನಾಲಗೆಯ ಮೇಲೆ ಸಣ್ಣ ಸಣ್ಣ ಮೊನೆಗಳಿದ್ದು ಒರಟಾಗಿರುತ್ತದೆ; ಇಲ್ಲಿ ಅವೆಲ್ಲ ಸವೆದುಹೋಗಿದ್ದವು. ಖಾರ ತಿಂದರೆ ಉರಿ, ಸಾರಿನ ರುಚಿ ತಿಳಿಯುವುದಿಲ್ಲ ಎಂಬ ದೂರು ಆಗ ಹೊರಗೆ ಬಂತು. ಪಕ್ಕದಲ್ಲಿದ್ದ ಅವರ ಪತ್ನಿ ಇನ್ನೊಂದು ಸೇರಿಸಿದರು: "ನಡೀತಾ ಇದ್ದಾಗ ಇವರ ಚಪ್ಪಲಿ ಕಳಚಿ ಹಿಂದೆ ಉಳಿದುಬಿಡುತ್ತೆ. ಇವರಿಗೆ ಗೊತ್ತೇ ಆಗಲ್ಲ. ನಾನು ಎತ್ಕೊಂಡು ಬರ್ತೀನಿ."

ಆ ಮಾತಿಗೆ ವೈದ್ಯೆ ಬರೆಯುವುದನ್ನು ನಿಲ್ಲಿಸಿದರು. ಮೇಜಿನ ಖಾನೆಯಿಂದ ಶ್ರುತಿಕವೆ ತೆಗೆದು ಮಿಡಿದು, ಮೇಷ್ಟ್ರ ಕಾಲಿನ ಹೆಬ್ಬೆರಳಿನ ಮೂಳೆಯ ಮೇಲೆ ಒತ್ತಿ ಹಿಡಿದರು. ಕಂಪನ ತಿಳಿಯಲಿಲ್ಲ. ಹರಡಿನ ಮೂಳೆಯಲ್ಲೂ ಇಲ್ಲ. ಮೊಣಕಾಲಿಗೆ ಬಂದಾಗ "ಹ್ಞಾ, ಈಗ ಜುಂ ಅಂತಿದೆ" ಎಂದರು. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರೆ ದೇಹ ತೂರಾಡಿತು. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿದಾಗ ಹೀಗೇ ಆಗುತ್ತದೆ, ಗೋಡೆ ಹಿಡಿದುಕೊಳ್ಳುತ್ತೇನೆ ಎಂದು ಮೇಷ್ಟ್ರು ಒಪ್ಪಿಕೊಂಡರು. ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದರಂತೆ.

ಅವರ ಮಾತ್ರೆಯ ಚೀಲದಲ್ಲಿ ಮುಕ್ಕಾಲು ಉತ್ತರವಿತ್ತು. ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಅಂದರೆ ಮೆಡಿಕಲ್ ಶಾಪಿನ ಭಾಷೆಯಲ್ಲಿ ಗ್ಯಾಸ್ ಮಾತ್ರೆ. ಮನೆಯಲ್ಲಿ ಮೊಟ್ಟೆ ಮಾಂಸ ಇಲ್ಲ. ಹಾಲು ಕಾಫಿಗೆಷ್ಟೋ ಅಷ್ಟೇ, ಮಜ್ಜಿಗೆ ನೀರಾಗಿ.

ಕೆಳಗಿನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ಅವರ ರಕ್ತದ ಸ್ಲೈಡ್ ಇತ್ತು. ಲೀಶ್ಮನ್ ಬಣ್ಣ ಹಾಕಿ, ಒಂದು ಹನಿ ಎಣ್ಣೆ ಬಿಟ್ಟು, ತಂತ್ರಜ್ಞರು ಜಾಗ ಬಿಟ್ಟುಕೊಟ್ಟರು. ಕೆಂಪು ರಕ್ತಕಣಗಳು ಇರಬೇಕಾದ್ದಕ್ಕಿಂತ ದೊಡ್ಡವು, ಕೆಲವು ಮೊಟ್ಟೆಯಾಕಾರ. ಅವುಗಳ ನಡುವೆ ಒಂದು ಬಿಳಿ ರಕ್ತಕಣ, ನ್ಯೂಟ್ರೊಫಿಲ್. ಅದರ ಕೋಶಕೇಂದ್ರಕ್ಕೆ ಸಾಮಾನ್ಯವಾಗಿ ಮೂರೋ ನಾಲ್ಕೋ ಹಾಲೆಗಳಿರುತ್ತವೆ. ಇದರಲ್ಲಿ ಆರು. ದಾರದಲ್ಲಿ ಪೋಣಿಸಿದ ಮಲ್ಲಿಗೆ ಮೊಗ್ಗುಗಳಂತೆ ನೇರಳೆ ಬಣ್ಣದ ಆರು ಹಾಲೆಗಳು, ನಡುವೆ ಎಳೆಯಷ್ಟು ತೆಳ್ಳಗಿನ ಕೊಂಡಿ. ಸ್ಲೈಡ್ ಸರಿಸಿದರೆ ಇನ್ನೊಂದು, ಐದು ಹಾಲೆಯದು. ಒಮ್ಮೆ ನೋಡಿದವರು ಮರೆಯಲಾಗದ ಚಿತ್ರ ಅದು. ಡಿಎನ್‌ಎ ಕಟ್ಟುವ ಕೆಲಸ ಮೂಳೆಯ ಮಜ್ಜೆಯಲ್ಲಿ ಮುಗ್ಗರಿಸಿದೆ, ಕೋಶ ಬೆಳೆಯುತ್ತಿದೆ ಆದರೆ ಹೊತ್ತಿಗೆ ಸರಿಯಾಗಿ ಒಡೆಯುತ್ತಿಲ್ಲ ಎಂಬುದರ ಗುರುತು. ಬಿ-12 ಅಥವಾ ಫೋಲಿಕ್ ಆಮ್ಲ, ಎರಡರಲ್ಲಿ ಒಂದು ಕಡಿಮೆಯಾದಾಗ ಹೀಗಾಗುತ್ತದೆ. ಕಾಲಿನ ನರ ಸೋತಿದ್ದರಿಂದ ಬೊಟ್ಟು ಬಿ-12ರ ಕಡೆಗೇ ಇತ್ತು. ಎರಡು ದಿನ ಬಿಟ್ಟು ಬಂದ ವರದಿ ಅದನ್ನೇ ಹೇಳಿತು.

ಕಪ್ಪು ಗೆಣ್ಣಿನ ಈ ಸುಳಿವು ನಮ್ಮ ನೆರೆಯಲ್ಲೇ ದಾಖಲಾದದ್ದು ಎಂಬುದು ಅನೇಕ ವೈದ್ಯ ವಿದ್ಯಾರ್ಥಿಗಳಿಗೂ ಗೊತ್ತಿಲ್ಲ. 1963ರಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಎಸ್. ಜೆ. ಬೇಕರ್ ಮತ್ತು ಸಂಗಡಿಗರು, ಚರ್ಮ ಕಪ್ಪಾಗುವುದು ಬಿ-12 ಕೊರತೆಯ ಲಕ್ಷಣ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಜೀವಸತ್ವ ಕೊಟ್ಟರೆ ಆ ಬಣ್ಣ ಹಿಂದೆ ಸರಿಯುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ರಕ್ತಹೀನತೆಯ ಬಿಳಿಚು ಬೇಗ ಕಾಣುವುದಿಲ್ಲ, ಗೆಣ್ಣು ಕಾಣುತ್ತದೆ. ಹೊರದೇಶದ ಪಠ್ಯಪುಸ್ತಕಗಳಲ್ಲಿ ಈ ಲಕ್ಷಣ ಅಡಿಟಿಪ್ಪಣಿಯಷ್ಟೇ. ನಮ್ಮ ಒಪಿಡಿಗಳಲ್ಲಿ ಅದು ಮೊದಲ ಪುಟದಲ್ಲಿರಬೇಕು.

ವೇಲೂರಿನವರು ಅದಕ್ಕೆ ಒಂದು ವರ್ಷ ಮೊದಲು, 1962ರಲ್ಲಿ, ಲ್ಯಾನ್ಸೆಟ್‌ನಲ್ಲಿ ಇನ್ನೂ ಮನ ಕಲಕುವ ವರದಿ ಕೊಟ್ಟಿದ್ದರು. ಎದೆಹಾಲನ್ನೇ ನೆಚ್ಚಿದ್ದ ಕೂಸುಗಳು ಮಂಕಾಗುತ್ತವೆ, ಕಲಿತಿದ್ದ ನಗು, ಕತ್ತು ನಿಲ್ಲಿಸುವುದನ್ನು ಮರೆಯುತ್ತವೆ, ಮೈ ಕಪ್ಪಾಗುತ್ತದೆ, ಕೈಕಾಲು ತಾನಾಗಿ ಅಲುಗುತ್ತವೆ. ತಾಯಂದಿರಲ್ಲೇ ಬಿ-12 ಬತ್ತಿತ್ತು, ಹಾಗಾಗಿ ಹಾಲಿನಲ್ಲೂ ಇರಲಿಲ್ಲ. ಅದೇ ದಶಕದಲ್ಲಿ ವೇಲೂರಿನ ಸುತ್ತಲ ಹಳ್ಳಿಗಳಲ್ಲಿ ಸ್ಪ್ರೂ ಎಂಬ ಕರುಳುಬೇನೆ ಸಾಂಕ್ರಾಮಿಕದ ಹಾಗೆ ಹಬ್ಬಿದ್ದನ್ನೂ ಬೇಕರ್ ಮತ್ತು ವಿ. ಐ. ಮಥನ್ ಬೆನ್ನುಹತ್ತಿದರು. ತಿಂಗಳುಗಟ್ಟಲೆ ನಿಲ್ಲದ ಭೇದಿ, ಜಿಡ್ಡು ಮಲ, ಹುಣ್ಣು ನಾಲಗೆ, ಸೊರಗಿದ ದೇಹ. ನಮ್ಮ ಹಿರಿಯರು ಗ್ರಹಣಿ ಎಂದು ಅಂಜುತ್ತಿದ್ದ ಕಾಯಿಲೆಯನ್ನು ಬಹುಮಟ್ಟಿಗೆ ಹೋಲುವ ಚಿತ್ರ. ತಿಂದದ್ದೆಲ್ಲ ಕರುಳಿನ ಗೋಡೆ ದಾಟದೆ ಹರಿದುಹೋದರೆ ತಟ್ಟೆಯಲ್ಲಿ ಏನಿದ್ದರೇನು?

ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಗಳಲ್ಲೆಲ್ಲ ಅತಿ ವಿಚಿತ್ರವಾದದ್ದು ಬಾಸ್ಟನ್ನಿನದು. ಹಿನ್ನೆಲೆ ಇಷ್ಟು: ಮಾರಕ ರಕ್ತಹೀನತೆ ಎಂದೇ ಹೆಸರಾದ ಕಾಯಿಲೆಯನ್ನು 19ನೇ ಶತಮಾನದಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ವರ್ಣಿಸಿದ್ದ. ಬಂದವರು ಸಾಯುತ್ತಿದ್ದರು. 1926ರಲ್ಲಿ ಜಾರ್ಜ್ ಮೈನಾಟ್ ಮತ್ತು ವಿಲಿಯಂ ಮರ್ಫಿ 45 ರೋಗಿಗಳಿಗೆ ದಿನಾ ಪಿತ್ತಜನಕಾಂಗ, ಅಂದರೆ ಲಿವರ್, ತಿನ್ನಿಸಿ ಬದುಕಿಸಿದರು. ಜಾರ್ಜ್ ವಿಪ್ಪಲ್ ಜೊತೆ ಇವರಿಬ್ಬರಿಗೂ 1934ರಲ್ಲಿ ನೊಬೆಲ್ ಬಂತು. ಮೈನಾಟ್ ಸ್ವತಃ ಮಧುಮೇಹಿ. ಆಗತಾನೆ ಬಂದಿದ್ದ ಇನ್ಸುಲಿನ್ ಅವರನ್ನು ಉಳಿಸಿರದಿದ್ದರೆ ಈ ಪ್ರಯೋಗವೇ ನಡೆಯುತ್ತಿರಲಿಲ್ಲ.

ಆದರೆ ಲಿವರ್ ಏಕೆ ಬೇಕು? ಬೇರೆಯವರು ಮಾಮೂಲಿ ಊಟದಲ್ಲೇ ಆರೋಗ್ಯವಾಗಿದ್ದಾರಲ್ಲ? ಬಾಸ್ಟನ್ ಸಿಟಿ ಆಸ್ಪತ್ರೆಯ ಯುವ ವೈದ್ಯ ವಿಲಿಯಂ ಕಾಸಲ್ ತಲೆಯಲ್ಲಿ ಹೊಕ್ಕಿದ್ದು ಈ ಸಂಶಯ. ಈ ರೋಗಿಗಳ ಜಠರದಲ್ಲಿ ಆಮ್ಲವೇ ಇರುವುದಿಲ್ಲ ಎಂಬುದು ಗೊತ್ತಿತ್ತು. ತಪ್ಪು ಊಟದಲ್ಲಿಲ್ಲ, ಹೊಟ್ಟೆಯಲ್ಲಿದೆ ಎಂದು ಅವರಿಗೆ ಅನ್ನಿಸಿತು. ಮೊದಲು ರೋಗಿಗಳಿಗೆ ಹತ್ತು ದಿನ ಬರೀ ಕೊಚ್ಚಿದ ದನದ ಮಾಂಸ ಕೊಟ್ಟರು. ರಕ್ತದಲ್ಲಿ ಏನೂ ಬದಲಾಗಲಿಲ್ಲ. ಆಮೇಲಿನ ಹಂತಕ್ಕೆ ಕಾಸಲ್ ತಮ್ಮ ಜಠರವನ್ನೇ ಪ್ರಯೋಗದ ಪಾತ್ರೆ ಮಾಡಿಕೊಂಡರು. ಬೆಳಿಗ್ಗೆ ಸುಮಾರು 300 ಗ್ರಾಂ ಅರೆಬೆಂದ ಕೊಚ್ಚಿದ ಮಾಂಸ ತಾವೇ ತಿನ್ನುವುದು, ಒಂದು ಗಂಟೆ ಬಿಟ್ಟು ಅದನ್ನು ಹೊಟ್ಟೆಯಿಂದ ಹೊರತೆಗೆಯುವುದು, ದೇಹದ ಬಿಸುಪಿನಲ್ಲಿ ಅದು ದ್ರವವಾಗುವ ತನಕ ಇಟ್ಟು, ನಳಿಕೆಯ ಮೂಲಕ ರೋಗಿಯ ಹೊಟ್ಟೆಗೆ ಇಳಿಸುವುದು. ದಿನವೂ ಇದೇ.

ಕೇಳಿದರೆ ಓಕರಿಕೆ ಬರುವ ಕೆಲಸ. ಆದರೆ ಆ ತರ್ಕದ ಶುದ್ಧಿ ನೋಡಿ. ಮಾಂಸ ಅದೇ, ರೋಗಿ ಅದೇ. ಬದಲಾದದ್ದು ನಡುವೆ ಬಂದ ಆರೋಗ್ಯವಂತನ ಜಠರರಸ ಒಂದೇ. ಆರನೆಯ ದಿನದ ಹೊತ್ತಿಗೆ ರೋಗಿಯ ರಕ್ತದಲ್ಲಿ ಎಳೆಯ ಕೆಂಪುಕಣಗಳು ಏರತೊಡಗಿದವು, ಥೇಟ್ ಲಿವರ್ ತಿಂದಾಗ ಏರುವ ಹಾಗೆ. 1929ರಲ್ಲಿ ಇದು ಪ್ರಕಟವಾಯಿತು. ಮಾಂಸದಲ್ಲಿರುವ ಒಂದು ಹೊರಗಿನ ಅಂಶ, ಜಠರ ಸ್ರವಿಸುವ ಒಂದು ಒಳಗಿನ ಅಂಶ, ಎರಡೂ ಸೇರಿದರೇ ರಕ್ತ ಎಂಬುದು ಕಾಸಲ್ ತೀರ್ಮಾನ. ಹೊರಗಿನ ಅಂಶವೇ 1948ರಲ್ಲಿ ಕೆಂಪು ಹರಳಾಗಿ ಕೈಗೆ ಸಿಕ್ಕ ಬಿ-12. ಒಳಗಿನ ಅಂಶ, ಜಠರದ ಆಮ್ಲ ಸುರಿಸುವ ಕೋಶಗಳೇ ತಯಾರಿಸುವ ಒಂದು ಪ್ರೋಟೀನು. ಅದು ಬಿ-12ರ ಕೈಹಿಡಿದು ಸಣ್ಣಕರುಳಿನ ಕೊನೆಯ ತುದಿಯವರೆಗೆ ಕರೆದೊಯ್ಯದಿದ್ದರೆ ಜೀವಸತ್ವ ಒಳಗೆ ಹೋಗದು. ಮಾರಕ ರಕ್ತಹೀನತೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಆ ಕೋಶಗಳನ್ನು ನಾಶಮಾಡಿರುತ್ತದೆ. ಕಾಸಲ್‌ಗೆ ನೊಬೆಲ್ ಬರಲಿಲ್ಲ. ಬರಬೇಕಿತ್ತು.

ಮೇಷ್ಟ್ರ ಚೀಲದ ಮಾತ್ರೆಗಳು ಈ ದಾರಿಯಲ್ಲೇ ಅಡ್ಡ ನಿಂತಿದ್ದವು. ಆಹಾರದ ಪ್ರೋಟೀನಿಗೆ ಅಂಟಿರುವ ಬಿ-12 ಬಿಡಿಸಲು ಆಮ್ಲ ಬೇಕು. ಗ್ಯಾಸ್ ಮಾತ್ರೆ ಆಮ್ಲವನ್ನೇ ತಗ್ಗಿಸುತ್ತದೆ. ಕರುಳಿನ ತುದಿಯಲ್ಲಿ ಹೀರುವ ಕೆಲಸಕ್ಕೆ ಮೆಟ್‌ಫಾರ್ಮಿನ್ ತೊಡಕಾಗುತ್ತದೆ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧವೇ, ಬಿಡಬೇಕಿಲ್ಲ. ಆದರೆ ತಗೊಳ್ಳುವವರಲ್ಲಿ ಕೊರತೆಯ ಲಕ್ಷಣ ಕಂಡರೆ ಬಿ-12 ಪರೀಕ್ಷಿಸಿ ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ವೈದ್ಯರಿಗೆ ಸೂಚಿಸಿದೆ. ಇಲ್ಲಿ ಅಂಗಾಲು ಉರಿ ಎಂದರೆ 'ಶುಗರಿಂದ' ಎಂದು ಮಾತು ಮುಗಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಕರುಳಿನ ಕ್ಷಯ ಸಾಮಾನ್ಯವಾಗಿ ಕೂರುವುದೂ ಅದೇ ಸಣ್ಣಕರುಳಿನ ಕೊನೆಯಲ್ಲಿ. ಆ ಭಾಗ ಕತ್ತರಿಸಿ ತೆಗೆದವರಿಗೆ ಬಿ-12 ಜೀವನವಿಡೀ ಬೇಕಾಗಬಹುದು.

ಊಟದ ಲೆಕ್ಕವೂ ಕಷ್ಟದ್ದೇ. ಐಸಿಎಂಆರ್ 2020ರಲ್ಲಿ ವಯಸ್ಕರಿಗೆ ದಿನಕ್ಕೆ 2.2 ಮೈಕ್ರೊಗ್ರಾಂ ಬಿ-12 ಎಂದು ಗೊತ್ತುಮಾಡಿತು. 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಇರುವುದು ಸುಮಾರು ಒಂದು ಮೈಕ್ರೊಗ್ರಾಂ. ಕಾಫಿಗೆ ಬೆರೆಸುವ ಎರಡು ಚಮಚ ಹಾಲು, ನೀರು ಮಜ್ಜಿಗೆ ಲೆಕ್ಕಕ್ಕೇ ಬರುವುದಿಲ್ಲ. ಸೊಪ್ಪು, ಕಾಳು, ರಾಗಿ ಎಷ್ಟೇ ಒಳ್ಳೆಯವಾದರೂ ಅವುಗಳಲ್ಲಿ ಬಿ-12 ಇಲ್ಲ. ಅದನ್ನು ತಯಾರಿಸಬಲ್ಲವು ಸೂಕ್ಷ್ಮಾಣುಗಳು ಮಾತ್ರ. ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧನೆ ನಡೆಸಿರುವ ಸ್ಪಿರುಲಿನಾ ಪ್ರೋಟೀನಿಗೆ ಉತ್ತಮ. ಆದರೆ ಅದನ್ನು ಸಸ್ಯಾಹಾರಿಗಳ ಬಿ-12 ಎಂದು ಅಂಗಡಿಯಲ್ಲಿ ಹೊಗಳಿದರೆ ನಂಬಬಾರದು. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ಹುಸಿ ರೂಪ. ಇಡ್ಲಿ ಹಿಟ್ಟು ಹುಳಿಬಂದರೆ ಸಾಕು ಎಂಬ ಭರವಸೆಯೂ ಅಪಾಯಕಾರಿ.

ಈ ಕೊರತೆ ಬೇಗ ಗೊತ್ತಾಗದಿರಲು ಕಾರಣ ಪಿತ್ತಜನಕಾಂಗದ ದಾಸ್ತಾನು. ಎರಡರಿಂದ ಐದು ಮಿಲಿಗ್ರಾಂ ಅಲ್ಲಿ ಕೂಡಿಟ್ಟಿರುವುದರಿಂದ ಖಾಲಿಯಾಗಲು ವರ್ಷಗಳೇ ಬೇಕು. ಖಾಲಿಯಾಗುವಾಗಲೂ ವೇಷ ಹಲವು: ಮರೆವು, ಸಿಡುಕು, ಬಾಯಿಹುಣ್ಣು. ಕೆಲವರ ಕಣ್ಣಿಗೆ ತುಸು ಹಳದಿ ಬಂದು, ಕಾಮಾಲೆಯೆಂದು ಸೊಪ್ಪಿನ ಔಷಧಿ ಹುಡುಕಿಕೊಂಡು ಹೋಗುತ್ತಾರೆ. ಹಳದಿಗೆ ಕಾರಣ ಮಜ್ಜೆಯಲ್ಲೇ ಸಾಯುವ ರಕ್ತಕಣಗಳು.

ಪರೀಕ್ಷೆಯೂ ಸರಾಗವಲ್ಲ. ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವೆ ಅನುಮಾನದ ವಲಯ. ಅಲ್ಲಿ ಮಿಥೈಲ್‌ಮೆಲೋನಿಕ್ ಆಮ್ಲ, ಹೋಮೊಸಿಸ್ಟೀನ್ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ, ಅವು ಎಲ್ಲ ಊರಿನಲ್ಲೂ ಸಿಗವು. ಕೆಂಪುಕಣದ ಗಾತ್ರವೊಂದನ್ನೇ ನೆಚ್ಚಿದರೂ ಮೋಸ: ಜೊತೆಗೆ ಕಬ್ಬಿಣವೂ ಕಡಿಮೆಯಿದ್ದರೆ, ನಮ್ಮ ಹೆಂಗಸರಲ್ಲಿ ಅದು ತೀರ ಸಾಮಾನ್ಯ, ಒಂದು ಕಣವನ್ನು ಹಿಗ್ಗಿಸುತ್ತದೆ, ಇನ್ನೊಂದು ಕುಗ್ಗಿಸುತ್ತದೆ, ಯಂತ್ರ ಸರಾಸರಿ ತೆಗೆದು 'ನಾರ್ಮಲ್' ಎಂದು ಅಚ್ಚೊತ್ತುತ್ತದೆ. ಪ್ಯಾಕೇಜ್ ತಪಾಸಣೆಯ ಹೊಳಪು ಕಾಗದದ ವರದಿಗಿಂತ, ಕಣ್ಣಿಟ್ಟು ನೋಡಿದ ಒಂದು ಸ್ಲೈಡ್ ಹೆಚ್ಚು ಸತ್ಯ ಹೇಳುವುದು ಇಲ್ಲೇ.

ಕೈಗೆ ಸಿಕ್ಕ ರಕ್ತದ ಮಾತ್ರೆ ನುಂಗುವುದೂ ಸರಿಯಲ್ಲ. ಭೀಮಾವರಂನಲ್ಲಿ ಹುಟ್ಟಿ, ತಾವೇ ಸ್ಪ್ರೂನಿಂದ ನರಳಿ ಬದುಕುಳಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1945ರಲ್ಲಿ ಅಮೆರಿಕದಲ್ಲಿ ಫೋಲಿಕ್ ಆಮ್ಲ ತಯಾರಿಸಿತು. ಬಸುರಿಯರಿಗೆ ಅದು ವರವಾಯಿತು. ಆದರೆ ಬಿ-12 ಕೊರತೆಯವರಿಗೆ ಅದೊಂದನ್ನೇ ಕೊಟ್ಟಾಗ ರಕ್ತ ಸುಧಾರಿಸಿತು, ನರಗಳ ಹಾನಿ ಮಾತ್ರ ಮುಂದುವರಿಯಿತು.

ಮೇಷ್ಟ್ರಿಗೆ ಕೆಂಪು ಬಣ್ಣದ ಇಂಜೆಕ್ಷನ್ ಶುರುವಾಯಿತು. ಸೂಜಿಗೆ ಅಂಜುವವರಿಗೆ ದಿನಕ್ಕೆ ಸಾವಿರ ಮೈಕ್ರೊಗ್ರಾಂ ಮಾತ್ರೆಯೂ ಆಗುತ್ತದೆ. ಅಷ್ಟು ದೊಡ್ಡ ಪ್ರಮಾಣದಲ್ಲಿ ನೂರಕ್ಕೆ ಒಂದು ಪಾಲು ಯಾರ ನೆರವೂ ಇಲ್ಲದೆ ಕರುಳು ದಾಟುತ್ತದೆ. ಲಿವರ್ ತಿಂದವರು ಬದುಕಿದ್ದೂ ಇದೇ ದಾರಿಯಲ್ಲಿ. ರಕ್ತ ಎರಡು ತಿಂಗಳಲ್ಲಿ ಸರಿಹೋಗುತ್ತದೆ. ನರ ನಿಧಾನ, ಬಹಳ ಕಾಲ ಕಳೆದಿದ್ದರೆ ಪೂರ್ತಿ ಮರಳುವುದೂ ಇಲ್ಲ.

ಹಾಗಾಗಿ ವರ್ಷಗಟ್ಟಲೆ ಗ್ಯಾಸ್ ಮಾತ್ರೆ ಅಥವಾ ಮೆಟ್‌ಫಾರ್ಮಿನ್ ತಗೊಳ್ಳುತ್ತಿರುವವರು, ಬಿಡದ ಭೇದಿಯಿಂದ ಸೊರಗಿದವರು, ಮೊಟ್ಟೆ ಮಾಂಸ ಮುಟ್ಟದ ಮನೆಯ ಬಸುರಿಯರು, ಬಾಣಂತಿಯರು ಮುಂದಿನ ಸಲ ವೈದ್ಯರ ಬಳಿ ಹೋದಾಗ ನಾಲಗೆ, ಗೆಣ್ಣು, ಅಂಗಾಲು ತೋರಿಸಿ, ಬಿ-12 ಪರೀಕ್ಷೆ ಬೇಕೇ ಎಂದು ಬಾಯಿಬಿಟ್ಟು ಕೇಳಬೇಕು. ವೈದ್ಯರು ಕೇಳುವವರೆಗೆ ಕಾಯಬೇಡಿ.