ಅಕ್ಷರದೊಳಗ ಬ್ಯಾಡಗಿ ಮೆಣಸಿನಕಾಯಿ

‘ಬ್ಯಾಡಗಿ’ ಊರಿನ ಹೆಸರಿನೊಳಗ ಬರೇ ಕೆಂಪು ಬಣ್ಣ ತುಂಬಿಲ್ರಿ, ಮೆಣಸಿನಕಾಯಿನೇ ತುಂಬೇವಿ.

ಫೋಟೊಶಾಪ್‌ನ್ಯಾಗ ‘ಬಲೂ ತಮ್ಮ’ದಂಥ ದಪ್ಪ ಯೂನಿಕೋಡ್ ಫಾಂಟ್ ಆರಿಸಿ ಹೆಸರು ಟೈಪ್ ಮಾಡ್ರಿ. ಸಣಕಲು ಅಕ್ಷರದಾಗ ಏನೂ ಕಾಣಂಗಿಲ್ಲ. ‘ಬ್ಯಾ’ ಒಡದು ಬಂತಾ? ಟೈಪ್ ಸೆಟ್ಟಿಂಗ್‌ನ್ಯಾಗ ‘ವರ್ಲ್ಡ್ ರೆಡಿ ಲೇಔಟ್’ ಹಚ್ರಿ.

ಈಗ ಹೆಸರಿನ ಮ್ಯಾಲಿನ ಲೇಯರಿಗೆ ಕಾಯಿ ರಾಶಿ ಫೋಟೊ ಇಟ್ಟು ಕಂಟ್ರೋಲ್, ಆಲ್ಟ್, ಜಿ ಒತ್ರಿ. ಇದೇ ಕ್ಲಿಪ್ಪಿಂಗ್ ಮಾಸ್ಕ್. ಫೋಟೊ ಜರುಗಿಸಬಹುದು, ಹೆಸರೂ ತಿದ್ದಬಹುದು.

2011ರಾಗ ಜಿಐ ಟ್ಯಾಗ್ ಪಡದ ಕಾಯಿ ಇದು. ಅದರ ಗುರುತು ಸಿಗೋಹಂಗ ಹತ್ತಿರದಿಂದ ಫೋಟೊ ಹೊಡೀರಿ, ಸಿಪ್ಪೆಯ ಸುಕ್ಕು ಎದ್ದು ಕಾಣಬೇಕು.

ಬ್ಯಾರೆ ಊರಿನ ಹೆಸರಿಗೂ ಹಿಂಗ ಮಾಡಬಹುದು: ಹಾವೇರಿಗೆ ಏಲಕ್ಕಿ ತುಂಬ್ರಿ. ರಾಣೇಬೆನ್ನೂರಿಗೆ ಕೃಷ್ಣಮೃಗ ಮಾತ್ರ ಬ್ಯಾಡ, ಕೊಂಬು ಒಂದಕ್ಷರಕ್ಕ, ಬಾಲ ಇನ್ನೊಂದಕ್ಕ ಹೋಗ್ತದ! ಹತ್ತಿ ಹಾಕ್ರಿ, ಹಿನ್ನೆಲೆ ಕಪ್ಪಿರಲಿ.