ಜೋಡೆತ್ತಿನ ಬೆಲೆ

ನಮ್ಮ ಆದವಾನಿಯ ಮಾರುಕಟ್ಟೆಗೆ ಬರುವ ಹತ್ತಿಯನ್ನು ಕ್ವಿಂಟಾಲಿನ ಲೆಕ್ಕದಲ್ಲಿ ಮಾರುವರು. ಬೆಲೆ ತುಸು ಏರಿದರೆ ಕೊಳ್ಳುವವರು ತುಸು ಕಡಿಮೆ ಕೊಳ್ಳುವರು. ಮಾರುವವರು ತುಸು ಹೆಚ್ಚು ತರುವರು. ಹೀಗೆ ಬೇಡಿಕೆಯೂ ಪೂರೈಕೆಯೂ ಸರಿಹೊಂದುವ ಬೆಲೆಗೆ ಅರ್ಥಶಾಸ್ತ್ರದಲ್ಲಿ ಸಮತೋಲನ ಬೆಲೆಯೆಂದು ಹೆಸರು. ಆದರೆ ಎಮ್ಮಿಗನೂರಿನ ಜಾತ್ರೆಯಲ್ಲಿ ಅರ್ಧ ಎತ್ತನ್ನು ಕೊಳ್ಳಲಾದೀತೇ? ಭಾಗವಾಗದ ಇಂಥ ವಸ್ತುವಿಗೆ ಬೆಲೆ ನಿಲ್ಲುವ ಬಗೆಯನ್ನು ವಿಚಾರಮಾಡೋಣ.

ಒಂದೊಂದು ಎತ್ತು ಬೇಕಾದ ಮೂವರು ರೈತರಿರುವರೆಂದು ಭಾವಿಸಿರಿ. ಅವರು ಕ್ರಮವಾಗಿ 50, 44, 38 ಸಾವಿರ ರೂಪಾಯಿಗಳವರೆಗೆ ಕೊಡಬಲ್ಲರು. ಸಮಾನವಾದ ಒಂದೊಂದು ಎತ್ತನ್ನು ತಂದಿರುವ ಮೂವರು 34, 40, 46 ಸಾವಿರಕ್ಕೆ ಕಡಿಮೆ ಕೊಡಲೊಪ್ಪರು. ಬೆಲೆಯು 40ಕ್ಕೂ 44ಕ್ಕೂ ನಡುವೆ ಎಲ್ಲಿ ನಿಂತರೂ ಇಬ್ಬರು ಕೊಳ್ಳುವರು, ಇಬ್ಬರು ಮಾರುವರು. ಆದುದರಿಂದ ಇಲ್ಲಿ ಸಮತೋಲನವು ಒಂದೇ ಬೆಲೆಯಲ್ಲ, ಬೆಲೆಗಳ ಒಂದು ಅಂತರ. ಅದರೊಳಗೆ ತೀರ್ಮಾನಿಸುವುದು ಚೌಕಾಸಿ. ಆಸ್ಟ್ರಿಯ ದೇಶದ ಬೋಂ-ಬಾವೆರ್ಕ್ ಎಂಬ ಅರ್ಥಶಾಸ್ತ್ರಜ್ಞರು 1889ರಲ್ಲಿ ಕುದುರೆಗಳ ಸಂತೆಯನ್ನು ಉದಾಹರಿಸಿ ಇದನ್ನೇ ವಿವರಿಸಿದರು.

ಇನ್ನು ಜೋಡಿಯ ವಿಷಯ. ಮಾರಲೇಬೇಕಾದ ಎರಡು ಎತ್ತುಗಳಿವೆ. ಎತ್ತೇ ಇಲ್ಲದ ರೈತನು ಜೋಡಿಗೆ 80 ಸಾವಿರ ಕೊಡುವನು. ಒಂಟಿ ಎತ್ತು ಅವನಿಗೆ ಬೇಡ. ಒಂದೆತ್ತು ಸತ್ತು ಇನ್ನೊಂದು ಉಳಿದಿರುವ ರೈತನು ಒಂದಕ್ಕೆ 50 ಸಾವಿರ ಕೊಡುವನು. ಎತ್ತಿಗೆ 40 ಸಾವಿರಕ್ಕಿಂತ ಕಡಿಮೆಯಾದರೆ ಇಬ್ಬರಿಗೂ ಸೇರಿ ಮೂರು ಎತ್ತು ಬೇಕು. ಅದಕ್ಕಿಂತ ಹೆಚ್ಚಾದರೆ, 50 ಸಾವಿರದವರೆಗೆ, ಎರಡನೆಯವನಿಗೆ ಮಾತ್ರ ಒಂದು ಬೇಕು. ಸರಿಯಾಗಿ 40 ಆದರೂ ಬೇಡಿಕೆ ಒಂದು ಅಥವಾ ಮೂರು. ಎರಡೆಂಬುದು ಯಾವ ಬೆಲೆಗೂ ಇಲ್ಲ! ಒಂದರ ಬದಲು ಇನ್ನೊಂದು ಸಲ್ಲುವ ವಸ್ತುಗಳಾದರೆ ಸಮತೋಲನವುಂಟೆಂದು 1982ರಲ್ಲಿ ಕೆಲ್ಸೊ, ಕ್ರಾಫರ್ಡ್ ಎಂಬ ವಿದ್ವಾಂಸರು ತೋರಿಸಿದರು. ನೊಗಕ್ಕೆ ಕಟ್ಟುವ ಎತ್ತುಗಳಾದರೋ ಒಂದಕ್ಕೊಂದು ಬದಲಲ್ಲ, ಜೊತೆ.

ಜೋಡಿಗೇ ಒಂದು ಬೆಲೆ ಕಟ್ಟಿ ಮಾರುವುದುಂಟು. ಆಗ ಜೋಡಿ ಬೇಕಾದವನಿಗೆ ಅನುಕೂಲ. ಒಂಟಿ ಎತ್ತಿನವನು ಬರಿಗೈಯಲ್ಲಿ ಮರಳುವನು. ಅವನಿಗೆ ಚೌಕಾಸಿ ತಿಳಿಯದೆಂದು ನಗಬಾರದು. ಅವನಿಗೊಪ್ಪುವ ಬೆಲೆಯೇ ಆ ಸಂತೆಯಲ್ಲಿ ಇರಲಿಲ್ಲ. ಅಂಥವನು ಇನ್ನೊಬ್ಬ ಒಂಟಿ ಎತ್ತಿನವನೊಡನೆ ಕೂಡಿ, ಒಂದೇ ನೊಗದಲ್ಲಿ ಇಬ್ಬರ ಹೊಲವನ್ನೂ ಉಳುವುದುಂಟು. ಬೆಲೆ ಹೊಂದಿಸಲಾರದುದನ್ನು ಅಲ್ಲಿ ನೆರೆಹೊರೆಯ ಮುಯ್ಯಿ ಹೊಂದಿಸುತ್ತದೆ. ಮಕ್ಕಳೇ, ಮುಂದಿನ ಜಾತ್ರೆಯಲ್ಲಿ ಹಿರಿಯರ ಪಕ್ಕದಲ್ಲಿ ನಿಂತು ಈ ಲೆಕ್ಕವನ್ನು ನೀವೇ ಪರೀಕ್ಷಿಸಿರಿ.